ಎರಡು ಹೊಳೆಗಳ ನಾಡಿನಲ್ಲಿ ರಹದಾರಿ

ಕೃಷ್ಣೆ ತುಂಗಭದ್ರೆಯರ ನಡುವಣ ನೆಲವನ್ನು ಚರಿತ್ರಕಾರರು ರಾಯಚೂರು ದೋಆಬ್ ಎಂದು ಕರೆಯುತ್ತಾರೆ. ಶಾಸನಗಳ ಕಾಲದ ಕನ್ನಡಿಗರು ಅದಕ್ಕೆ ಬಹು ಮುಂಚೆಯೇ ಎಡೆದೊರೆ ನಾಡು ಎಂದು ಹೆಸರಿಟ್ಟಿದ್ದರು. ಎರಡು ತೊರೆಗಳ ಎಡೆಯಲ್ಲಿರುವ ನಾಡು ಎಂಬುದು ಅದರ ಸರಿಯಾದ ಅರ್ಥ. ಆದರೆ ಚರಿತ್ರೆಯ ವಿನೋದವೋ ಏನೋ, ಎರಡು ದೊರೆಗಳ ನಡುವೆ ಸಿಕ್ಕಿಬಿದ್ದ ನಾಡು ಎಂಬ ಅರ್ಥವೂ ಈ ಹೆಸರಿಗೆ ಅಷ್ಟೇ ಚೆನ್ನಾಗಿ ಒಪ್ಪುತ್ತದೆ. ಚಾಲುಕ್ಯರಿಗೂ ಚೋಳರಿಗೂ ಇದಕ್ಕಾಗಿ ಕಾದಾಟ. ಬಹಮನಿಗಳಿಗೂ ವಿಜಯನಗರಕ್ಕೂ ಇದಕ್ಕಾಗಿ ಕಾದಾಟ. ಅನಂತರ ಬಿಜಾಪುರಕ್ಕೂ ವಿಜಯನಗರಕ್ಕೂ ಕಾದಾಟ. ಇಲ್ಲಿಯ ಒಕ್ಕಲಿಗನು ತನ್ನ ಹೊಲವನ್ನು ಬಿಟ್ಟು ಕದಲದೆಯೇ, ಒಂದು ತಲೆಮಾರಿನಲ್ಲಿ ಎರಡು ಮೂರು ರಾಜ್ಯಗಳ ಪ್ರಜೆಯಾಗಿರುವುದುಂಟು.

ಇಂಥ ನಾಡಿನಲ್ಲಿ ಗಡಿ ಎಂದರೇನು, ಗಡಿ ದಾಟಲು ಬೇಕಾದ ಕಾಗದವೆಂದರೇನು ಎಂಬ ಪ್ರಶ್ನೆಗೆ ಬೇರೆಡೆಗಿಂತ ಹೆಚ್ಚಿನ ಅರ್ಥವಿದೆ. ಇಂದು ರಾಯಚೂರು, ಮಾನ್ವಿ, ದೇವದುರ್ಗಗಳಿಂದ ಮಕ್ಕಳು ಅಮೆರಿಕೆಗೂ ಜರ್ಮನಿಗೂ ಕೊಲ್ಲಿಯ ದೇಶಗಳಿಗೂ ಹೋಗುತ್ತಿದ್ದಾರೆ. ಮಕ್ಕಳನ್ನು ನೋಡಲು ತಾಯಿತಂದೆಗಳು ಹೊರಟು ನಿಲ್ಲುತ್ತಿದ್ದಾರೆ. ಪಾಸ್‌ಪೋರ್ಟ್, ವಿಸಾ ಎಂಬ ಮಾತುಗಳು ಹತ್ತಿ ಮಾರುಕಟ್ಟೆಯ ಮಾತುಕತೆಯಲ್ಲಿಯೂ ನುಸುಳಿವೆ. ನಮ್ಮ ಹಳೆಯ ಪತ್ರಿಕೆಗಳು ಪಾಸ್‌ಪೋರ್ಟಿಗೆ ರಹದಾರಿ ಎಂಬ ಮಾತನ್ನು ಬಳಸುತ್ತಿದ್ದವು. ಪಾರ್ಸಿಯಲ್ಲಿ ರಾಹ್ ಎಂದರೆ ದಾರಿ. ದಾರಿಯ ಮೇಲಿನ ಸುಂಕಕ್ಕೂ, ಆ ದಾರಿಯಲ್ಲಿ ಹೋಗಲು ಕೊಡುವ ಅಪ್ಪಣೆಚೀಟಿಗೂ ಅದೇ ಹೆಸರು ನಿಂತಿತು. ಇಂದು ಲಾರಿ ಬಸ್ಸುಗಳ ಪರ್ಮಿಟ್ಟಿಗೆ ಸಾರಿಗೆ ಇಲಾಖೆಯವರು ಅದನ್ನು ಉಳಿಸಿಕೊಂಡಿದ್ದಾರೆ. ಮನುಷ್ಯನು ಆ ಮಾತನ್ನು ಲಾರಿಗೆ ಬಿಟ್ಟುಕೊಟ್ಟು ತಾನು ಇಂಗ್ಲಿಷಿನ ಮಾತನ್ನು ಹಿಡಿದನು.

ರಾಯಚೂರಿನ ಕೋಟೆಯನ್ನು ನೋಡಹೋದವರು ಮೊದಲು ಅದರ ಪಶ್ಚಿಮದ ಒಳಗೋಡೆಯಲ್ಲಿರುವ ಕಲ್ಲನ್ನು ನೋಡಬೇಕು. ನಾಲ್ವತ್ತು ಅಡಿಗೂ ಮೀರಿದ ಒಂದೇ ಅಖಂಡ ಚಪ್ಪಡಿ. 1294ರಲ್ಲಿ, ಕಾಕತೀಯರ ಆಳಿಕೆಯಲ್ಲಿ, ಈ ಕೋಟೆ ಎದ್ದ ಸಂಗತಿಯನ್ನು ಅದರ ಮೇಲಿನ ಶಾಸನ ತಿಳಿಸುತ್ತದೆ. ಆ ಕಲ್ಲನ್ನು ಬಂಡಿಯ ಮೇಲೇರಿಸಿ ಕೋಣಗಳ ಸಾಲು ಎಳೆದು ತರುತ್ತಿರುವ ಚಿತ್ರವನ್ನು ಹತ್ತಿರದಲ್ಲಿಯೇ ಬಿಡಿಸಿದ್ದಾರೆ. ಕೆಲಸ ಮಾಡಿದವರಿಗೆ ತಮ್ಮ ಕೆಲಸದ ಬಗೆಗೆ ಇದ್ದ ಹೆಮ್ಮೆ ಆ ರೇಖೆಗಳಲ್ಲಿ ಇಂದಿಗೂ ಕಾಣುತ್ತದೆ.

ಆಮೇಲೆ ಬಾಗಿಲುಗಳು. ಹೊರಗೋಡೆಗೆ ಪಶ್ಚಿಮದಲ್ಲಿ ಮೆಕ್ಕಾ ದರ್ವಾಜಾ, ಉತ್ತರದಲ್ಲಿ ನೌರಂಗಿ ದರ್ವಾಜಾ, ಪೂರ್ವದಲ್ಲಿ ಕಾಟಿ ದರ್ವಾಜಾ, ದಕ್ಷಿಣದ ಕಡೆಗೆ ಖಂದಕ್ ದರ್ವಾಜಾ, ದೊಡ್ಡಿ ದರ್ವಾಜಾ. ಒಳಗೋಡೆಗೆ ಸೈಲಾನಿ, ಸಿಕಂದರಿ ಎಂಬ ಎರಡು. ಸೈಲಾನಿ ಎಂದರೆ ಸಂಚಾರಿ, ಊರೂರು ತಿರುಗುವವನು. ಆ ಹೆಸರು ಹೇಗೆ ಬಂದಿತೋ, ಕೋಟೆಯ ಬಾಗಿಲೊಂದಕ್ಕೆ ಸಂಚಾರಿಯ ಹೆಸರಿರುವುದು ಸೊಗಸಾಗಿದೆ. ಇಂದು ಈ ಬಾಗಿಲುಗಳಲ್ಲಿ ಕೆಲವು ಪೇಟೆಯ ನಡುವೆ ನಿಂತಿವೆ. ಆಟೋರಿಕ್ಷಾಗಳು ಯಾರನ್ನೂ ಕೇಳದೆ ಅವುಗಳ ಪಕ್ಕದಲ್ಲಿ ನುಗ್ಗುತ್ತವೆ.

ಪರದೇಶದವರಿಗೆ ಈ ಊರು ಹೊಸದೇನಲ್ಲ. ಹದಿನೈದನೆಯ ಶತಮಾನದಲ್ಲಿ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನನು ಬೀದರಿಗೆ ಬಂದು ಬಹಮನಿ ರಾಜ್ಯದಲ್ಲಿ ಸಂಚರಿಸಿದನು. ರಾಯಚೂರಿನ ವಜ್ರಗಳನ್ನು ಅವನ ಬರಹ ಉಲ್ಲೇಖಿಸುತ್ತದೆ. ಅವನ ಬಳಿ ಇದ್ದುದು ಒಂದು ಕುದುರೆ. ಜುನ್ನಾರಿನಲ್ಲಿ ಅಲ್ಲಿಯ ಖಾನನು ಅದನ್ನೂ ಕಸಿದುಕೊಂಡು, ಮತಾಂತರ ಹೊಂದು, ಇಲ್ಲವೆ ದಂಡ ತೆರು ಎಂದು ಗಡುವು ಹಾಕಿದನಂತೆ. ಪರಿಚಿತನಾದ ಒಬ್ಬ ಖುರಾಸಾನದ ಮಹಮ್ಮದನು ನಡುವೆ ಬಂದು ಮಾತನಾಡಿದ ಮೇಲೆ ಕುದುರೆ ಮರಳಿ ಸಿಕ್ಕಿತು, ಜೀವಕ್ಕೆ ನೆಮ್ಮದಿಯಾಯಿತು. ಆ ಕಾಲದ ವಿಸಾ ಎಂದರೆ ಇದೇ: ಊರಿನ ಪ್ರಬಲನೊಬ್ಬನ ಪರಿಚಯ. ಕಾಗದದ ವಿಸಾವನ್ನು ಬೈಯುವವರು ನಿಕಿತಿನನ ಪಾಡನ್ನು ಒಮ್ಮೆ ನೆನೆಯಬಹುದು.

ಇನ್ನು 1520ರ ರಾಯಚೂರು ಯುದ್ಧದ ಕಥೆ. ಶಾಲೆಯ ಪುಸ್ತಕಗಳು ಕೃಷ್ಣದೇವರಾಯನ ಗೆಲವನ್ನು ವರ್ಣಿಸಿ ಸುಮ್ಮನಾಗುತ್ತವೆ. ಕಾರಣವನ್ನು ಹೇಳುವುದು ಅಪರೂಪ. ಕುದುರೆ ವ್ಯಾಪಾರಕ್ಕೆಂದು ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸನಾದ ಫೆರ್ನಾವ್ ನೂನಿಜ್ ಅದನ್ನು ಬರೆದಿಟ್ಟಿದ್ದಾನೆ. ರಾಯನು ಸೀದಿ ಮರಕಾರನೆಂಬ ವರ್ತಕನ ಕೈಗೆ ನಾಲ್ವತ್ತು ಸಾವಿರ ಪರದಾವ್ ನಾಣ್ಯಗಳನ್ನು ಕೊಟ್ಟು, ಗೋವೆಗೆ ಹೋಗಿ ಕುದುರೆಗಳನ್ನು ಕೊಂಡು ತಾ ಎಂದು ಕಳುಹಿಸಿದನು. ಆ ಮಹಾರಾಯನು ಹಣದೊಂದಿಗೆ ಗಡಿ ದಾಟಿ ಆದಿಲಶಾಹನ ಆಶ್ರಯವನ್ನು ಸೇರಿಬಿಟ್ಟನು. ಹಣವನ್ನೂ ಅವನನ್ನೂ ಒಪ್ಪಿಸಿರಿ ಎಂದು ರಾಯನು ಬರೆದನು. ಇಸ್ಮಾಯಿಲ್ ಆದಿಲಶಾಹನು ಒಪ್ಪಿಸಲಿಲ್ಲ. ರಾಯನಿಗೆ ರಾಯಚೂರಿನ ಮೇಲೆ ಮೊದಲಿನಿಂದಲೂ ಕಣ್ಣಿತ್ತು ಎಂಬುದು ಬೇರೆ ಮಾತು; ನೆಪವಂತೂ ಸಿಕ್ಕಿತು. ಕೃಷ್ಣೆಯ ದಡದಲ್ಲಿ ಮೇ ತಿಂಗಳ ಬಿಸಿಲಿನಲ್ಲಿ ಸಹಸ್ರಾರು ಮಂದಿ ಮಡಿದರು. ಕ್ರಿಸ್ತೋವಾವ್ ದೆ ಫಿಗೈರೆದೊ ಎಂಬ ಪೋರ್ಚುಗೀಸನು ತನ್ನ ಕೆಲವೇ ಬಂದೂಕುಗಾರರೊಡನೆ ಬಂದು, ಕೋಟೆಯ ಮೇಲಿನ ಕಾವಲುಗಾರರನ್ನು ಗುರಿಯಿಟ್ಟು ಹೊಡೆದು, ಗೋಡೆಯ ಕಲ್ಲುಗಳನ್ನು ಕೀಳಲು ರಾಯನ ಜನಕ್ಕೆ ಎಡೆಮಾಡಿಕೊಟ್ಟನು. ಒಬ್ಬ ಮನುಷ್ಯ ಗಡಿ ದಾಟಿದ್ದಕ್ಕೆ ಇಷ್ಟು!

ಅದೇ ಪೋರ್ಚುಗೀಸರು ಅದೇ ಕಾಲದಲ್ಲಿ ಅರಬ್ಬಿ ಸಮುದ್ರದ ಮೇಲೆ ಕಾರ್ತಾಜ್ ಎಂಬ ಚೀಟಿಯನ್ನು ಜಾರಿಗೆ ತಂದಿದ್ದರು. ಅದಿಲ್ಲದ ಹಡಗನ್ನು ಅವರು ಹಿಡಿದು ಸುಲಿಯುತ್ತಿದ್ದರು. ಯಾರದೂ ಅಲ್ಲದ ಕಡಲಿಗೆ ತಾವೇ ಬಾಗಿಲಿಟ್ಟು ತಾವೇ ಬೀಗ ಹಾಕಿಕೊಂಡ ಧೈರ್ಯವನ್ನು ಏನೆನ್ನಬೇಕು!

ಆದರೆ ಪ್ರವೇಶಪತ್ರವನ್ನು ಪಾಶ್ಚಾತ್ಯರು ಕಂಡುಹಿಡಿದರೆಂದು ತಿಳಿಯುವುದೂ ತಪ್ಪು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಿಂದ ಬೆಳಕಿಗೆ ತಂದು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಒಂದು ಮಾಷಕ ತೆತ್ತವರಿಗೆ ಅವನು ಮುದ್ರೆ ಕೊಡಬೇಕು. ಮುದ್ರೆಯುಳ್ಳವನೇ ಜನಪದವನ್ನು ಹೊಗಲು, ಬಿಡಲು ಅರ್ಹನು. ಮುದ್ರೆಯಿಲ್ಲದ ದೇಶೀಯನಿಗೆ 12 ಪಣ ದಂಡ. ಕಳ್ಳಮುದ್ರೆ ಹಿಡಿದವನು ಪರದೇಶದವನಾದರೆ ಅತ್ಯಂತ ಹೆಚ್ಚಿನ ದಂಡ. ಗೋಮಾಳಗಳ ಅಧ್ಯಕ್ಷನು ದಾರಿಹೋಕರ ಮುದ್ರೆಗಳನ್ನು ಪರೀಕ್ಷಿಸಬೇಕು. ಇದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನ ಅಶೋಕನ ಹೆಸರನ್ನು ಬಾಯಿಬಿಟ್ಟು ಹೇಳಿ ಜಗತ್ಪ್ರಸಿದ್ಧವಾಯಿತು. ಪಾಟಲಿಪುತ್ರದ ಅರಸನ ಮಾತು ಮಸ್ಕಿಯ ಬಂಡೆಯವರೆಗೆ ಬರುವುದಾದರೆ, ಅದನ್ನು ತಂದ ದೂತನೂ ಎಷ್ಟೋ ಗಡಿಗಳಲ್ಲಿ ಯಾವುದಾದರೊಂದು ಗುರುತನ್ನು ತೋರಿಸಿಯೇ ಬಂದಿರಬೇಕು.

ಇದಕ್ಕೆಲ್ಲ ಒಂದು ಹೊರತು ಇದೆ. ಅದೂ ಈ ನೆಲದ್ದೇ. ಮಾನ್ವಿಯ ಸೀಮೆ ಹರಿದಾಸರ ಸೀಮೆ. ವಿಜಯದಾಸರು ತುಂಗಭದ್ರೆಯ ದಡದ ಚೀಕಲಪರ್ವಿಯವರು. ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಹರಿಕಥಾಮೃತಸಾರದ ಕರ್ತೃ ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದರು. ಹದಿನೆಂಟನೆಯ ಶತಮಾನವೆಂದರೆ ನಿಜಾಮ, ಮರಾಠ, ಪಾಳೆಯಗಾರ, ಹೈದರ್ ಇವರೆಲ್ಲರ ದಂಡುಗಳು ತಿರುಗಾಡುತ್ತಿದ್ದ ಕಾಲ. ಆ ಗಲಿಬಿಲಿಯಲ್ಲಿಯೂ ಕಾಲಲ್ಲಿ ಗೆಜ್ಜೆ, ಕೈಯಲ್ಲಿ ತಂಬೂರಿ ಹಿಡಿದು ದಾಸರು ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದರು. ತಂಬೂರಿಗಿಂತ ಒಳ್ಳೆಯ ರಹದಾರಿ ಆಗ ಇದ್ದಿರಲಾರದು.

ನಿಜಾಮರ ಕಾಲಕ್ಕೆ ಬಂದರೆ ರಾಯಚೂರು ಮತ್ತೊಮ್ಮೆ ಬಾಗಿಲಾಯಿತು. 1853ರಲ್ಲಿ ಇಂಗ್ಲಿಷರ ಸೈನ್ಯದ ಸಾಲಕ್ಕಾಗಿ ಈ ದೋಆಬನ್ನು ನಿಜಾಮನು ಅವರಿಗೆ ಒಪ್ಪಿಸಿದನು. 1860ರಲ್ಲಿ ಅವರು ಹಿಂದಿರುಗಿಸಿದರು. ಏಳು ವರ್ಷದ ಅಡವು! 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲೂ ಮದ್ರಾಸಿನ ಕಡೆಯಿಂದ ಬಂದ ಮದ್ರಾಸ್ ರೈಲೂ ರಾಯಚೂರಿನಲ್ಲಿ ಕೂಡಿದವು. ಮುಂಬಯಿಯಿಂದ ಮದ್ರಾಸಿಗೆ ಹೋಗುವ ದೊರೆಗಳೂ ದೊರೆಸಾನಿಯರೂ ಇಲ್ಲಿ ಹಾಯ್ದುಹೋಗಲೇಬೇಕಾಯಿತು. ನಿಜಾಮ ಸಂಸ್ಥಾನಕ್ಕೆ ತನ್ನದೇ ಅಂಚೆಚೀಟಿ, ತನ್ನದೇ ನಾಣ್ಯ. ಹಾಲಿ ಸಿಕ್ಕಾ ಎಂಬ ಆ ರೂಪಾಯಿ ಏಳಕ್ಕೆ ಇಂಗ್ಲಿಷ್ ರೂಪಾಯಿ ಆರರಂತೆ ಬದಲಾಗುತ್ತಿತ್ತು. ಸುಂಕದ ಇಲಾಖೆಗೆ ಕರೋಡಗಿರಿ ಎಂದು ಹೆಸರು. ಹೊಳೆಯಾಚೆಯ ಬಂಧುಗಳ ಮನೆಯ ಮದುವೆಗೆ ಹೊಸ ಸೀರೆ ಒಯ್ಯುವವರು ಕೂಡ ಕರೋಡಗಿರಿಯ ನಾಕೆಯನ್ನು ನೆನೆದು ನಡೆಯಬೇಕಾಗಿದ್ದಿತು. ಅಂದು ರಾಯಚೂರಿನವನು ವಿಲಾಯತಿಗೆ ಹೊರಟರೆ ಅವನ ಪಾಸ್‌ಪೋರ್ಟಿನಲ್ಲಿ ಬ್ರಿಟಿಷ್ ಪ್ರಜೆ ಎಂದಿರುತ್ತಿರಲಿಲ್ಲ. ಬ್ರಿಟಿಷರ ರಕ್ಷಣೆಯಲ್ಲಿರುವ ವ್ಯಕ್ತಿ, ಹೈದರಾಬಾದು ಸಂಸ್ಥಾನದವನು ಎಂಬರ್ಥದ ಒಕ್ಕಣೆಯಿರುತ್ತಿತ್ತು. ಬಳ್ಳಾರಿಯಲ್ಲಿ ಹುಟ್ಟಿದ ಅವನ ಸೋದರಳಿಯನು ಮಾತ್ರ ಬ್ರಿಟಿಷ್ ಪ್ರಜೆ. ನಡುವೆ ಇದ್ದುದು ತುಂಗಭದ್ರೆಯೊಂದೇ.

1947ರ ಆಗಸ್ಟ್ 15ರಿಂದ 1948ರ ಸೆಪ್ಟೆಂಬರ್ 17ರವರೆಗಿನ ಹದಿಮೂರು ತಿಂಗಳು ಆ ಹೊಳೆ ನಿಜವಾಗಿಯೂ ಒಂದು ದೇಶದ ಅಂಚಾಗಿತ್ತು. ರಜಾಕಾರರ ಹಾವಳಿಗೆ ಅಂಜಿ ಅನೇಕ ಕುಟುಂಬಗಳು ಹೊಳೆ ದಾಟಿ ಆಚೆಯ ಪ್ರಾಂತಗಳ ಊರುಗಳಲ್ಲಿ ತಂಗಿದವು. ಪೊಲೀಸ್ ಕಾರ್ಯಾಚರಣೆಯಾದ ಮೇಲೆ ಈ ಭಾಗದ ಬೇರೆ ಕೆಲವು ಮನೆಗಳಿಂದ ಕರಾಚಿಗೆ ಹೊರಟುಹೋದವರೂ ಉಂಟು. ಭಾರತ ಪಾಕಿಸ್ತಾನಗಳ ನಡುವೆ 1948ರಲ್ಲಿ ಪರ್ಮಿಟ್ಟೂ 1952ರಲ್ಲಿ ಪಾಸ್‌ಪೋರ್ಟೂ ಬಂದವು; ಅಣ್ಣ ತಮ್ಮಂದಿರು ಒಬ್ಬರನ್ನೊಬ್ಬರು ನೋಡಲು ಅರ್ಜಿ ಬರೆಯುವಂತಾಯಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯವನ್ನು ಸೇರಿತು. ಹೈದರಾಬಾದು ಆಂಧ್ರಕ್ಕೆ ಹೋಯಿತು, 2014ರಿಂದ ತೆಲಂಗಾಣದ್ದಾಯಿತು. ದೇವಸೂಗೂರಿನ ಬಳಿ ನಿಜಾಮರ ಕಾಲದ ಸಿರಾತ್-ಎ-ಜೂದಿ ಸೇತುವೆ ಕೃಷ್ಣೆಯನ್ನು ದಾಟುತ್ತದೆ. ಸೇತುವೆಯಾಚೆ ತೆಲಂಗಾಣ. ದಕ್ಷಿಣಕ್ಕೆ ತುಂಗಭದ್ರೆಯ ಆಚೆ ಮಂತ್ರಾಲಯ, ಆಂಧ್ರಪ್ರದೇಶ. ಗುರುವಾರದ ದರ್ಶನಕ್ಕೆ ಹೋಗುವ ಮಾನ್ವಿಯವರು ರಾಜ್ಯ ಬದಲಾದುದನ್ನು ಅಂಗಡಿಗಳ ಬೋರ್ಡು ನೋಡಿ ತಿಳಿಯುತ್ತಾರೆ. ದೇಶದೊಳಗೆ ಎಲ್ಲಿ ಬೇಕಾದರೂ ಸಂಚರಿಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಕೊಟ್ಟಿರುವುದು ಇಂಥ ಕಡೆಗಳಲ್ಲಿ ಮನಸ್ಸಿಗೆ ತಾಗುತ್ತದೆ.

ಹೊರದೇಶಕ್ಕೆ ಹೋಗುವ ಹಕ್ಕಾದರೋ ಅಷ್ಟು ಸುಲಭವಾಗಿ ಬರಲಿಲ್ಲ. ಮೊದಲ ಮಹಾಯುದ್ಧಕ್ಕೆ ಮುಂಚೆ ಪಾಸ್‌ಪೋರ್ಟ್ ಇಲ್ಲದೆ ಲೋಕದ ಬಹುಭಾಗವನ್ನು ಸುತ್ತಬಹುದಾಗಿತ್ತು. ಯುದ್ಧಕಾಲದ ಸಂಶಯ ಯುದ್ಧ ಮುಗಿದರೂ ಹೋಗಲಿಲ್ಲ. 1920ರಲ್ಲಿ ಪ್ಯಾರಿಸಿನ ಸಮ್ಮೇಳನ ಪಾಸ್‌ಪೋರ್ಟಿನ ಪುಸ್ತಕಕ್ಕೆ ಒಂದು ಮಾದರಿಯನ್ನು ಗೊತ್ತುಮಾಡಿತು. ಅದೇ ವರ್ಷ ಭಾರತದಲ್ಲಿ ಪ್ರವೇಶದ ಕಾನೂನು ಬಂದಿತು. ಸ್ವಾತಂತ್ರ್ಯ ಬಂದ ಮೇಲೂ ಇಪ್ಪತ್ತು ವರ್ಷ ಪಾಸ್‌ಪೋರ್ಟ್ ಕೊಡುವುದೂ ಬಿಡುವುದೂ ಸರ್ಕಾರದ ಮರ್ಜಿ. ಸತ್ವಂತ ಸಿಂಗ್ ಸಾಹ್ನಿ ಎಂಬ ವರ್ತಕರು ಇದನ್ನು ಪ್ರಶ್ನಿಸಿದರು. 1967ರ ಏಪ್ರಿಲ್ 10ರಂದು, ಮುಖ್ಯ ನ್ಯಾಯಮೂರ್ತಿ ಕೆ. ಸುಬ್ಬರಾವ್ ಅವರಿದ್ದ ಸುಪ್ರೀಂ ಕೋರ್ಟಿನ ಪೀಠ, ಮೂವರ ಬಹುಮತದಿಂದ, ವಿದೇಶ ಪ್ರಯಾಣವು ಪೌರನ ವ್ಯಕ್ತಿಸ್ವಾತಂತ್ರ್ಯದ ಅಂಗವೆಂದು ಸಾರಿತು. ಜೂನ್ ತಿಂಗಳಲ್ಲಿಯೇ ಪಾಸ್‌ಪೋರ್ಟ್ ಕಾನೂನು ಹುಟ್ಟಿತು. ಇಂದು ದೇವದುರ್ಗದ ಹುಡುಗನು ಅರ್ಜಿ ಹಾಕಿದರೆ, ಕಾರಣ ಹೇಳದೆ ಅದನ್ನು ತಳ್ಳಿಹಾಕುವುದು ಕಷ್ಟವಾಗಿರುವುದು ಈ ತೀರ್ಪಿನ ಫಲ.

ಅರ್ಜಿಯ ಕಥೆಯನ್ನೇ ನೋಡಬಹುದು. ಹಿಂದೆ ಪಾಸ್‌ಪೋರ್ಟ್ ಎಂದರೆ ಬೆಂಗಳೂರು. ರಾಯಚೂರಿನಿಂದ ನಾನೂರು ಕಿಲೋಮೀಟರಿಗೂ ಮೇಲ್ಪಟ್ಟ ದಾರಿ. 2017ರಿಂದ ದೇಶದ ಆಯ್ದ ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ತೆರೆಯತೊಡಗಿದ ಮೇಲೆ ರಾಯಚೂರಿನ ಅಂಚೆ ಕಚೇರಿಗೂ ಆ ಭಾಗ್ಯ ಬಂದಿತು. ಮನೆಯಲ್ಲಿಯೇ ಕಂಪ್ಯೂಟರಿನಲ್ಲಿ ಅರ್ಜಿ ತುಂಬಿ, ಹಣ ಕಟ್ಟಿ, ದಿನ ಗೊತ್ತುಮಾಡಿಕೊಂಡು ಹೋದರೆ, ಭಾವಚಿತ್ರವನ್ನೂ ಬೆರಳಚ್ಚನ್ನೂ ಅಲ್ಲಿಯೇ ತೆಗೆದುಕೊಳ್ಳುತ್ತಾರೆ. ಕಡತ ಬೆಂಗಳೂರಿನ ಪ್ರಾದೇಶಿಕ ಕಚೇರಿಗೆ ಹೋಗುತ್ತದೆ. ಪೊಲೀಸರು ಮನೆಯ ವಿಳಾಸವನ್ನು ವಿಚಾರಿಸಿಕೊಳ್ಳುತ್ತಾರೆ. ವಯಸ್ಕರ ಪುಸ್ತಕಕ್ಕೆ ಆಯುಸ್ಸು 10 ವರ್ಷ.

ಕೇಳಲು ಸುಲಭ. ಆದರೆ ಹೆಸರಿನ ಪ್ರಶ್ನೆ ಬಂದಾಗ ಎಡೆದೊರೆ ನಾಡಿನ ನಿಜವಾದ ಕಷ್ಟ ಆರಂಭವಾಗುತ್ತದೆ. ಮಾನ್ವಿಯ ಕಡೆಯ ಒಬ್ಬ ತಾಯಿಯನ್ನು ವಾಚಕರು ಊಹಿಸಿಕೊಳ್ಳಲಿ. ಇಂಥವರು ಊರಿಗೆ ಹತ್ತು ಮಂದಿ ಇದ್ದಾರೆ. ಮಗಳು ಅಮೆರಿಕೆಯಲ್ಲಿ ಬಸುರಿ. ಬಾಣಂತನಕ್ಕೆ ತಾಯಿ ಹೋಗಲೇಬೇಕು. ಮಗಳಿಗೆ ಏಳನೆಯ ತಿಂಗಳು ತುಂಬುತ್ತಿದೆ. ಪಾಸ್‌ಪೋರ್ಟಿನ ಮೇಜಿನ ಮುಂದೆ ನಡೆಯುವ ಸಂಭಾಷಣೆ ಹೀಗಿರುತ್ತದೆ:

“ಅವ್ವಾರ, ನಿಮ್ಮ ಹೆಸರು ಪೂರ್ತಿ ಹೇಳ್ರಿ.”

“ಬಸಮ್ಮ ಅಂತಾರ್ರೀ.”

“ಮುಂದ?”

“ಮುಂದ ಏನೈತ್ರೀ? ಅಷ್ಟ.”

ಆಧಾರಿನಲ್ಲಿ ‘ಬಸಮ್ಮ ಗಂಡ ಶರಣಪ್ಪ’, ಮತದಾರರ ಚೀಟಿಯಲ್ಲಿ ‘ಬಸವ್ವ’, ಬ್ಯಾಂಕಿನ ಪುಸ್ತಕದಲ್ಲಿ ಊರಿನ ಹೆಸರೂ ಸೇರಿಕೊಂಡಿದೆ. ಇಲ್ಲಿಯ ದಫ್ತರಗಳಲ್ಲಿ ‘ಇಂಥವನು ತಂದೆ ಇಂಥವನು’, ‘ಇಂಥವಳು ಗಂಡ ಇಂಥವನು’ ಎಂದು ಬರೆಯುವುದು ಹಳೆಯ ಪದ್ಧತಿ. ಹೊರಗಿನ ಯಂತ್ರ ಅದನ್ನು ಓದುವಾಗ ‘ಗಂಡ’ ಎಂಬುದೂ ಒಂದು ಹೆಸರೆಂದು ತಿಳಿದರೆ ಆಶ್ಚರ್ಯವಿಲ್ಲ. ಹುಟ್ಟಿದ ದಿನದ್ದು ಇನ್ನೊಂದು ವಿನೋದ: ಹಳೆಯ ತಲೆಮಾರಿನ ಅರ್ಧ ಊರು ಜೂನ್ 1ರಂದು ಹುಟ್ಟಿದೆ. ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದ ದಿನವೇ ಜನ್ಮದಿನ. 1989ರ ಜನವರಿ 26ರ ಬಳಿಕ ಹುಟ್ಟಿದವರಿಗೆ ಜನನಪತ್ರವೇ ಬೇಕೆಂದು ಒಂದು ಕಾಲದಲ್ಲಿ ನಿಯಮವಿತ್ತು. 2016ರ ಡಿಸೆಂಬರಿನಲ್ಲಿ ಅದು ಸಡಿಲವಾಯಿತು. 2025ರ ತಿದ್ದುಪಡಿಯ ಪ್ರಕಾರ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಮಾತ್ರ ಜನನಪತ್ರವೊಂದೇ ಆಧಾರ. ಮೊಮ್ಮಕ್ಕಳ ಜನನಪತ್ರವನ್ನು ಜೋಪಾನವಾಗಿಡಬೇಕೆಂದು ಮನೆಮನೆಗೂ ಹೇಳತಕ್ಕ ಮಾತು ಇದು.

ಒಂದೇ ಹೆಸರಿನಲ್ಲಿ ಪಾಸ್‌ಪೋರ್ಟ್ ಸಿಗುವುದಿಲ್ಲವೆಂದಲ್ಲ. ಭಾರತ ಸರ್ಕಾರ ಕೊಡುತ್ತದೆ. ಹೊರಗಿನವರು ಅದನ್ನು ಒಪ್ಪಬೇಕಲ್ಲ! ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರಿನಲ್ಲಿ, ಒಂದೇ ಹೆಸರುಳ್ಳ ಪಾಸ್‌ಪೋರ್ಟಿನವರಿಗೆ ಪ್ರವಾಸಿ ವಿಸಾದ ಮೇಲೆ ಪ್ರವೇಶವಿಲ್ಲವೆಂದು ಸಾರಿತು. ಆಮೇಲೆ ಪುಸ್ತಕದ ಕೊನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕೆಂದು ಒಪ್ಪಿಕೊಂಡಿತು. ಅಮೆರಿಕದವರದು ಬೇರೆ ರೀತಿ. ಇದ್ದ ಒಂದು ಹೆಸರನ್ನು ಅವರು ಮನೆತನದ ಹೆಸರಿನ ಜಾಗದಲ್ಲಿಟ್ಟು, ಮೊದಲ ಹೆಸರಿನ ಜಾಗದಲ್ಲಿ ‘ತಿಳಿಯದು’ ಎಂಬರ್ಥದ ಮೂರಕ್ಷರ, ಎಫ್.ಎನ್.ಯು., ಬರೆಯುತ್ತಾರೆ. ಊರಿಗೆಲ್ಲ ಬಸಮ್ಮನಾದವಳು ಅಲ್ಲಿ ಎಫ್.ಎನ್.ಯು. ಬಸಮ್ಮ! ಆದುದರಿಂದ ಮೊದಲ ಅರ್ಜಿಯಲ್ಲಿಯೇ ಮನೆತನದ ಹೆಸರನ್ನೋ ಗಂಡನ ಹೆಸರನ್ನೋ ಎರಡನೆಯದಾಗಿ ಬರೆಯಿಸಿ, ಉಳಿದೆಲ್ಲ ದಾಖಲೆಗಳನ್ನು ಅದಕ್ಕೆ ಹೊಂದಿಸುವುದು ಜಾಣತನ. ಇದಕ್ಕೆ ತಿಂಗಳುಗಳು ಹಿಡಿಯಬಹುದು. ಮಗಳ ಹೆರಿಗೆ ತಾಯಿಯ ಕಾಗದಗಳಿಗಾಗಿ ಕಾಯುವುದಿಲ್ಲ. ಬಾಣಂತನಕ್ಕೆ ಹೊರಟ ಎಷ್ಟೋ ತಾಯಂದಿರು ಮೊಮ್ಮಗುವಿನ ಮುಖವನ್ನು ಮೊದಲು ನೋಡಿರುವುದು ಮಾನ್ವಿಯ ಮನೆಯ ಜಗಲಿಯಲ್ಲಿ ಕುಳಿತು, ಅಂಗೈಯಗಲದ ಫೋನಿನ ಗಾಜಿನಲ್ಲಿ.

ಪಾಸ್‌ಪೋರ್ಟ್ ಬಂದ ಮೇಲೆ ವಿಸಾ. ಇಲ್ಲೊಂದು ಸ್ವಾರಸ್ಯವಿದೆ. ಅಮೆರಿಕದ ವಿಸಾ ಸಂದರ್ಶನಕ್ಕೆ ರಾಯಚೂರಿನವರಿಗೆ ಹತ್ತಿರವಾದ ಊರು ಹೈದರಾಬಾದು. ಸುಮಾರು ಇನ್ನೂರು ಕಿಲೋಮೀಟರು. 2008ರಲ್ಲಿ ಅಲ್ಲಿ ಅಮೆರಿಕದ ದೂತಾವಾಸ ತೆರೆದಾಗ ಅದು ನೆಲೆಸಿದ್ದು ಬೇಗಂಪೇಟೆಯ ಪೈಗಾ ಅರಮನೆಯಲ್ಲಿ, ಎಂದರೆ ನಿಜಾಮನ ಅಮೀರರ ಮನೆಯಲ್ಲಿ. 2023ರಲ್ಲಿ ಅದು ನಾನಕ್‌ರಾಮ್‌ಗುಡದ ಹೊಸ ಕಟ್ಟಡಕ್ಕೆ ಹೋಯಿತು. ಅಜ್ಜನು ಜಮೀನಿನ ತಗಾದೆಗಾಗಿ ಯಾವ ಊರಿಗೆ ಅರ್ಜಿ ಹಿಡಿದು ಹೋಗುತ್ತಿದ್ದನೋ, ಅದೇ ಊರಿಗೆ ಮೊಮ್ಮಗಳು ಇನ್ನೊಂದು ಸರ್ಕಾರದ ಅಪ್ಪಣೆಗಾಗಿ ಹೋಗುತ್ತಾಳೆ.

1952ರ ಅಮೆರಿಕದ ವಲಸೆ ಕಾನೂನಿನ 214(ಬಿ) ಎಂಬ ಕಲಮನ್ನು ಹೊರಡುವವರೆಲ್ಲರೂ ತಿಳಿದಿರಬೇಕು. ಪ್ರವಾಸಿ ವಿಸಾ ಕೇಳುವ ಪ್ರತಿಯೊಬ್ಬನೂ ಅಲ್ಲಿಯೇ ನೆಲೆಸಲು ಬರುವವನೆಂದು ಮೊದಲು ಭಾವಿಸತಕ್ಕದ್ದು. ಅಲ್ಲವೆಂದು ತೋರಿಸುವ ಭಾರ ಅವನದೇ. ನ್ಯಾಯಾಲಯಗಳ ನೀತಿಗೆ ಇದು ತಿರುಗುಮುರುಗು. ನಮ್ಮವರು ಪಹಣಿ, ಬ್ಯಾಂಕಿನ ಪತ್ರ, ಮನೆಯ ಫೋಟೋ ಎಲ್ಲವನ್ನೂ ಚೀಲದಲ್ಲಿ ತುಂಬಿಕೊಂಡು ಹೋಗುತ್ತಾರೆ. ಅಧಿಕಾರಿಯು ಅನೇಕ ವೇಳೆ ಒಂದನ್ನೂ ಮುಟ್ಟದೆ, ಎರಡು ಮೂರು ನಿಮಿಷ ಮಾತನಾಡಿಸಿ ತೀರ್ಮಾನಿಸಿಬಿಡುತ್ತಾನೆ. ಆ ಎರಡು ನಿಮಿಷದಲ್ಲಿ ಸತ್ಯವನ್ನು ಚಿಕ್ಕದಾಗಿ ಹೇಳುವುದೊಂದೇ ಉಪಾಯ. ಬಾಣಂತನಕ್ಕೆ ಹೋಗುವುದಾದರೆ ಹಾಗೆಂದೇ ಹೇಳಬೇಕು. ಏಜೆಂಟರು ಬಾಯಿಪಾಠ ಮಾಡಿಸಿದ ‘ದೃಶ್ಯ ವೀಕ್ಷಣೆ’ಯ ಮಾತು ಎಪ್ಪತ್ತು ವರ್ಷದ ಅಜ್ಜಿಯ ಬಾಯಲ್ಲಿ ಒಪ್ಪುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಬಹಳ ಮನೆಗಳಲ್ಲಿದೆ. ವಿಸಾ ಹತ್ತು ವರ್ಷದ್ದಾದರೆ ಹತ್ತು ವರ್ಷ ಇರಬಹುದೆಂದಲ್ಲ. ಅಷ್ಟು ಕಾಲ ಬಾಗಿಲು ತಟ್ಟಬಹುದೆಂದು ಅರ್ಥ. ಒಳಗೆ ಬಿಡುವುದೂ, ಎಷ್ಟು ದಿನವೆಂಬುದೂ ವಿಮಾನ ನಿಲ್ದಾಣದ ಅಧಿಕಾರಿಯ ಕೈಯಲ್ಲಿ. ಅಮೆರಿಕದಲ್ಲಿ ಐ-94 ಎಂಬ ದಾಖಲೆಯ ತಾರೀಖೇ ಕೊನೆಯ ಮಾತು. ಯೂರೋಪಿನ ಷೆಂಗೆನ್ ವಿಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ. ಜೊತೆಗೆ 30,000 ಯೂರೋಗಳ ವೈದ್ಯಕೀಯ ವಿಮೆ. ಒಂದು ವಿಸಾಕ್ಕೆ 29 ದೇಶಗಳು ತೆರೆಯುತ್ತವೆ. ಈ ಒಪ್ಪಂದಕ್ಕೆ 1985ರಲ್ಲಿ ರುಜು ಬಿದ್ದುದು ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯ ಬಳಿ, ಮೊಸೆಲ್ ನದಿಯ ಮೇಲಿದ್ದ ಒಂದು ಹಡಗಿನಲ್ಲಿ. ಮೂರು ದೇಶಗಳ ಗಡಿ ಕೂಡುವ ಜಾಗ ಅದು. ಅವರೂ ಶತಮಾನಗಳ ಕಾಲ ಒಂದು ಹೊಳೆಯ ಎರಡು ದಡಕ್ಕಾಗಿ ಹೊಡೆದಾಡಿದವರೇ. 2025ರ ಅಕ್ಟೋಬರಿನಿಂದ ಅಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಬೆರಳಚ್ಚು, ಮುಖಚಿತ್ರಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ಕ್ರಮ ಹಂತಹಂತವಾಗಿ ಆರಂಭವಾಯಿತು. ಯಾವ ದೇಶಕ್ಕೇ ಆಗಲಿ, ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಆಯುಸ್ಸು ಉಳಿದಿದೆಯೇ ಎಂದು ಟಿಕೆಟ್ಟಿಗೆ ಮುಂಚೆ ನೋಡಿಕೊಳ್ಳಬೇಕು. ಪಶುಪತಿನಾಥನನ್ನು ನೋಡಹೋಗುವ ಭಾರತೀಯರಿಗೆ ಮಾತ್ರ ವಿಸಾದ ಗೊಡವೆಯಿಲ್ಲ. ನೇಪಾಳಕ್ಕೆ ವಿಮಾನದಲ್ಲಿ ಹೋಗಲು ಪಾಸ್‌ಪೋರ್ಟ್ ಇಲ್ಲವೆ ಮತದಾರರ ಗುರುತಿನ ಚೀಟಿ ಸಾಕು.

ಮೆಕ್ಕಾ ದರ್ವಾಜಾದ ನೆನಪಿನಿಂದ ಒಂದು ಮಾತು. ಬಹುಕಾಲ ಹಜ್ ಯಾತ್ರಿಕರಿಗೆ ಪಾಸ್‌ಪೋರ್ಟ್ ಬೇಕಿರಲಿಲ್ಲ. ಯಾತ್ರಿಕರ ಪಾಸ್ ಎಂಬ ಬೇರೆಯೇ ಪತ್ರವಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕು ಯಾತ್ರಿಕರಿಗೆಂದೇ ಪ್ರತ್ಯೇಕ ನೋಟುಗಳನ್ನು ಅಚ್ಚುಹಾಕಿಸಿತು. 2009ರಲ್ಲಿ ಸೌದಿ ಸರ್ಕಾರ ಎಲ್ಲರಿಗೂ ಅಂತರರಾಷ್ಟ್ರೀಯ ಪಾಸ್‌ಪೋರ್ಟೇ ಬೇಕೆಂದಿತು. ಜೀವಮಾನದಲ್ಲಿ ಒಮ್ಮೆ ಹೋಗಿಬರುವ ಮುದುಕರೂ ಅಂದಿನಿಂದ ಪುಸ್ತಕ ಮಾಡಿಸಿಕೊಳ್ಳಬೇಕಾಯಿತು.

ದೇವದುರ್ಗದ ಮಾತು ಪ್ರತ್ಯೇಕ. ಇಲ್ಲಿಯವರು ಪ್ರಯಾಣಕ್ಕೆ ಹೊಸಬರಲ್ಲ; ಆದರೆ ಅವರ ಪ್ರಯಾಣದ ಹೆಸರು ಪ್ರವಾಸವಲ್ಲ, ಗುಳೆ. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ, ಕೂಸುಕುನ್ನಿ ಸಮೇತ ಬೆಂಗಳೂರಿಗೋ ಪುಣೆಗೋ ಕಟ್ಟಡದ ಕೆಲಸಕ್ಕೆ ಹೊರಡುವ ಕುಟುಂಬಗಳನ್ನು ಬಸ್ ನಿಲ್ದಾಣದಲ್ಲಿ ಕಾಣಬಹುದು. ಅವರಲ್ಲಿ ಯಾರಾದರೊಬ್ಬ ತರುಣನಿಗೆ ಕೊಲ್ಲಿಯ ದೇಶದ ಆಸೆ ಹುಟ್ಟುತ್ತದೆ. ಹತ್ತನೆಯ ತರಗತಿ ಪಾಸಾಗದಿದ್ದವನ ಪಾಸ್‌ಪೋರ್ಟಿನಲ್ಲಿ ಇ.ಸಿ.ಆರ್. ಎಂಬ ಗುರುತು ಇರುತ್ತದೆ. ಸರ್ಕಾರ ಗೊತ್ತುಮಾಡಿರುವ ಕೆಲವು ದೇಶಗಳಿಗೆ ಅವನು ಕೆಲಸಕ್ಕೆ ಹೋಗಬೇಕಾದರೆ, 1983ರ ವಲಸೆ ಕಾನೂನಿನಂತೆ, ವಲಸಿಗರ ರಕ್ಷಣಾಧಿಕಾರಿಯ ಒಪ್ಪಿಗೆ ಬೇಕು. ಆ ಒಪ್ಪಿಗೆಯ ತೊಡಕನ್ನು ತಪ್ಪಿಸಲು ದಲ್ಲಾಳಿಗಳು ಪ್ರವಾಸಿ ವಿಸಾ ಹಚ್ಚಿ ಕಳುಹಿಸುತ್ತಾರೆ. ವಿಮಾನ ಹತ್ತುವವರೆಗೆ ಎಲ್ಲವೂ ಸರಿ. ಆಚೆ ದಡದಲ್ಲಿ ಅವನು ಕೆಲಸ ಮಾಡುವ ಹಕ್ಕಿಲ್ಲದ ಕೆಲಸಗಾರ. ಕೂಲಿ ಕೊಡದಿದ್ದರೆ ಕೇಳುವಂತಿಲ್ಲ, ಪಾಸ್‌ಪೋರ್ಟನ್ನು ಯಜಮಾನ ಕಸಿದಿಟ್ಟುಕೊಂಡರೆ ಹೇಳುವಂತಿಲ್ಲ, ಗಡುವು ಮೀರಿದರೆ ದಂಡವೂ ಸೆರೆಯೂ ಅವನಿಗೇ. ಊರಿನಲ್ಲಿ ಅವನ ಪ್ರಯಾಣಕ್ಕೆಂದು ಮಾಡಿದ ಸಾಲ ಬೆಳೆಯುತ್ತಿರುತ್ತದೆ. ಮಧ್ಯಮವರ್ಗದ ಪ್ರವಾಸಿಗೆ ವಿಸಾದ ವರ್ಗವೆಂದರೆ ಅರ್ಜಿಯ ಒಂದು ಕಲಮು. ಇವನಿಗೆ ಅದು ಎರಡು ಬೆಳೆಯ ಹಣ. ಅವನು ಹೊರಡುವ ಮೊದಲು ಓದುಬಲ್ಲ ನೆರೆಮನೆಯವರು ಆ ವಿಸಾದ ಮೇಲೆ ಏನು ಬರೆದಿದೆಯೆಂದು ಒಮ್ಮೆ ನೋಡಿ ಹೇಳಿದರೆ ಸಾಕು, ಇದಕ್ಕೆ ಖರ್ಚಿಲ್ಲ.

ಮಾನ್ವಿಯಿಂದ ಮುಂದೆ ಸಿಂಧನೂರಿನ ಹಾದಿ ಹಿಡಿದರೆ, ತುಂಗಭದ್ರೆಯ ಕಾಲುವೆ ನೀರಿನ ಹಸುರಿನ ನಡುವೆ ಬಂಗಾಳಿ ಮಾತು ಕಿವಿಗೆ ಬೀಳುತ್ತದೆ. ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರನ್ನು ಸರ್ಕಾರ 1970ರ ದಶಕದಲ್ಲಿ ಇಲ್ಲಿ ನೆಲೆಗೊಳಿಸಿತು, ಆರ್.ಎಚ್. ಕ್ಯಾಂಪುಗಳೆಂದು ಅವಕ್ಕೆ ಹೆಸರು. ಅವರು ಗಡಿ ದಾಟಿದ್ದು ಪ್ರವಾಸಕ್ಕಲ್ಲ, ಯಾವ ಅರ್ಜಿಯನ್ನೂ ತುಂಬಿ ಅಲ್ಲ. ಇಲ್ಲಿ ಭತ್ತ ಬೆಳೆದರು, ಮಕ್ಕಳು ಕನ್ನಡ ಶಾಲೆಯಲ್ಲಿ ಕಲಿತರು. ಪೌರತ್ವದ ಕಾಗದ ಮಾತ್ರ ಅನೇಕರಿಗೆ ದಶಕಗಳ ಕಾಲ ಬರಲಿಲ್ಲ. 2024ರಲ್ಲಿ ಹೊಸ ನಿಯಮಗಳು ಜಾರಿಗೆ ಬಂದ ಮೇಲೆ ಅವರಲ್ಲಿ ಕೆಲವರ ಕೈಗೆ ಅದು ಸೇರಿತು.

ಮಂಜೂರಾದ ಪಾಸ್‌ಪೋರ್ಟ್ ಸ್ಪೀಡ್ ಪೋಸ್ಟಿನಲ್ಲಿ ಬರುತ್ತದೆ. ಅದನ್ನು ಅರ್ಜಿದಾರನ ಕೈಗೇ, ಗುರುತು ನೋಡಿ, ಒಪ್ಪಿಸಬೇಕೆಂಬುದು ನಿಯಮ. ದೇವದುರ್ಗ ತಾಲ್ಲೂಕಿನ ಹಳ್ಳಿಯಲ್ಲಿ ಟಪಾಲಿನವನಿಗೆ ಪ್ರತಿಯೊಬ್ಬರ ಮುಖವೂ ಗೊತ್ತು. ಆದರೂ ಅವನು ಕಟ್ಟೆಯ ಮೇಲೆ ಕುಳಿತು, ಲಕೋಟೆಯ ಮೇಲಿನ ಇಂಗ್ಲಿಷ್ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿ, ಆಧಾರ್ ಚೀಟಿಯನ್ನು ತರಿಸಿ ನೋಡಿದ ಮೇಲೆಯೇ ರುಜು ಮಾಡಿಸಿಕೊಳ್ಳುತ್ತಾನೆ.